ನೀಲಿ ಇಳಿಜಾರು

ಮೇ ತಿಂಗಳ ವಾಡಿ. ನಲವತ್ನಾಲ್ಕು ಡಿಗ್ರಿ.
ಕೂಲರಿಗೆ ನೀರು ಸುರುವಿ ಬಂದ ಮೆಹಜಬೀನ್
ಹಸಿ ಕೈಲೇ ಮೊಬೈಲು ಸವರ್ತಾಳ:
ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಬಲ್ಗೇರಿಯಾ.

ಆರು ವರ್ಷದ ಭಿಶಿ ರೊಕ್ಕ, ಒಂಬತ್ತು ಮಂದಿ,
ಹದಿನೇಳು ಮೊಣಕಾಲು. ಇನ್ನೊಂದು
ಇಂದುಮತಿಯದು, ಸ್ಟೀಲಿಂದು.

"ಸ್ವಿಟ್ಜರ್ಲೆಂಡಿನಾಗ ಒಂದು ಚಹಾದ ರೊಕ್ಕಕ್ಕ
ಇಲ್ಲಿ ವಾರದ ಜೋಳ ಬರ್ತದ."
"ಬಲ್ಗೇರಿಯಾ ಸೋವಿ."
"ಸೋವಿ ಹಿಮ ಲಗೂನ ಕರಗ್ತದೇನೋ?"
ಸರೂಬಾಯಿದು ಒಂದೇ ಪ್ರಶ್ನೆ:
"ಬಿದ್ರ ಎಲ್ಲಿ ಕಡಿಮಿ ಹತ್ತತದ?"

ಹಿಮ ಕಂಡವರು ನಮ್ಮೊಳಗ ಯಾರೂ ಇಲ್ಲ.
ಸಿಮೆಂಟಿನ ಧೂಳು ಬೇವಿನ ಮ್ಯಾಲ ಕುಂತಾಗ
ಒಗೆದ ಸೀರಿ ಮತ್ತ ಒಗೆದವರು.

ನಕಾಶಿಯೊಳಗ ಮೂರು ಗೆರಿ:
ಕರಿ, ಬಲ್ಲವರಿಗೆ. ಕೆಂಪು, ಧೈರ್ಯ ಇದ್ದವರಿಗೆ.
ನೀಲಿ, ಈಗ ಕಲಿಯೋರಿಗೆ.
"ನೀಲಿ ಉದ್ದ ಇರೋ ಊರು ಹುಡುಕವಾ," ಅಂದೆ.

ಕರೆಂಟು ಹೋತು.
ಕೂಲರ್ ಉಸಿರು ಬಿಟ್ಟು ನಿಂತಿತು.
ಗುರಬಸಮ್ಮ, ಅರವತ್ತೊಂದು,
ಟ್ರಂಕಿನ ಉಣ್ಣಿ ಕಾಲುಚೀಲ ಏರಿಸಿ
ಗ್ವಾಡಿಗೆ ಕೈ ಕೊಟ್ಟು ನೂಕಿಕೊಂಡಳು
ಪಾಲಿಶ್ ಹೊಡೆದ ಶಹಾಬಾದಿ ನೀಲಿ ಕಲ್ಲಿನ ಮ್ಯಾಲ,
ಅಡುಗಿಮನಿಯಿಂದ ಪಡಸಾಲಿತನಕ,
ಸೆರಗು ಹಿಂದ ಹಿಂದ.

"ಹಿಡೀರೇ!" ಅಂತ ಚೀರಿದಳು.
ಯಾರೂ ಹಿಡೀಲಿಲ್ಲ.
ಉಳಿದವರೆಲ್ಲ
ಕಾಲುಚೀಲ ಹುಡುಕಲಾಕ ಹತ್ತಿದ್ವಿ.