ಉಗುಳುವ ಕೆಲಸ

ಉಗುಳುವುದೇ ನನ್ನ ಉದ್ಯೋಗ.
ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ
ಹತ್ತೊಂಬತ್ತು ವರ್ಷದಿಂದ
ದಿನಕ್ಕೆ ಅರವತ್ತು ಬಟ್ಟಲು.
ಚಮಚದಿಂದ ಸೊರ್ರೆಂದು ಎಳೆದು
ನಾಲಿಗೆಯ ಮೇಲೆ ಹೊರಳಿಸಿ, ಅಂಕ ಬರೆದು,
ಪೀಕದಾನಿಗೆ.

ನಿನ್ನೆ ಸಂಜೆ, ಮಾಲು ನೋಡಲು ಬಂದವರು
ಬಿಟ್ಟುಹೋದ ಸೀಸೆ. ಗ್ರೆನಾಶ್.
ಲೇಬಲ್ಲಿನಲ್ಲಿ ಗಿಡ್ಡ ಬಳ್ಳಿ, ಆಸರೆಗೆ ಕಂಬವಿಲ್ಲ,
ಎಂಬತ್ತು ವರ್ಷದ್ದಂತೆ.
"ಮರ ಹತ್ತದ್ದೂ ಒಂದು ಬಳ್ಳಿಯೇ?"
ಎಂದ ತೂಕದ ಪಳಂಗಪ್ಪ. ಅವನ ಮೆಣಸಿನ ಬಳ್ಳಿಗಳೆಲ್ಲ
ಸಿಲ್ವರ್ ಓಕಿನ ನೆತ್ತಿ ಮುಟ್ಟಿದವು.

ಲೋಟವಿರಲಿಲ್ಲ, ಕಾಫಿ ಬಟ್ಟಲಿಗೇ ಸುರಿದೆವು.
ಬಿಳಿ ಪಿಂಗಾಣಿಯ ತಳ ಕಾಣುವಷ್ಟು ತೆಳು ಕೆಂಪು.
"ನೀರು ಬೆರೆಸಿದ್ದಾರೆ." ಒಂದು ಗುಟುಕಾದ ಮೇಲೆ,
"ಸಕ್ಕರೆಯೂ ಸಾಲದು."
ಡಿಸೆಂಬರಿಗೆಂದು ಅವನು ಭರಣಿಯಲ್ಲಿ ಹಾಕುವ ವೈನಿಗೆ
ಲವಂಗ, ಹಿಡಿ ಗೋಧಿ, ಹಣ್ಣಿನಷ್ಟೇ ಸಕ್ಕರೆ.

ನಾನು ಎಳೆದೆ, ಅಭ್ಯಾಸದಂತೆ, ಸೊರ್ರೆಂದು.
ಮೊದಲು ಬೇಲಿಯ ಮುಳ್ಳುಹಣ್ಣು, ಬಿಸಿಲಲ್ಲಿ ಬಾಡಿದ್ದು.
ಕಾದ ಕಲ್ಲು.
ಆಮೇಲೆ, ಎಲ್ಲೋ ಹಿಂದಿನಿಂದ,
ಗೋಣಿಯೊಳಗೆ ತೋಡಿನಲ್ಲಿ ಎಂಟು ದಿನ ನೆನೆದು
ಸಿಪ್ಪೆ ಬಿಟ್ಟ ಬಿಳಿ ಮೆಣಸು.
ಹೇಳಿದೆ. ಪಳಂಗಪ್ಪ ಮತ್ತೆ ಮೂಸಿದ,
ಕಣ್ಣು ಮುಚ್ಚಿ, ತುಂಬ ಹೊತ್ತು.
"ನಮ್ಮ ತೋಡು ಇವರಿಗೆ ಹೇಗೆ ಸಿಕ್ಕಿತು?"

ಪೀಕದಾನಿಯತ್ತ ಬಾಗಿದವಳು
ಬಾಯಿ ತೆರೆಯದೆ ನಿಂತೆ.
ನುಂಗಿದೆ.
ಎದೆಯವರೆಗೆ ಬೆಚ್ಚಗಿನ ಒಂದು ದಾರಿ.
ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ.

ಇವತ್ತು ಬೆಳಿಗ್ಗೆ ಮೊದಲ ಬಟ್ಟಲು
ಸುಂಟಿಕೊಪ್ಪದ ರೊಬಸ್ಟಾ, ಸಾಧಾರಣ ಮಾಲು.
ಅದನ್ನೂ ನುಂಗಿಬಿಟ್ಟೆ.
ಅಂಕ ಬರೆಯುವುದು ಕೊಂಚ ತಡವಾಯಿತು.