ಏರಿನಲ್ಲಿ ದಮ್ಮಿಲ್ಲ

ಸಮತಟ್ಟಿನಲ್ಲಿ ತಕರಾರಿಲ್ಲ, ಅಂದಳು ಲ್ಯೇರ್ಕಾ,
ಮೊಣಕೈವರೆಗೆ ಅಯೋಡಿನ್ ವಾಸನೆ ಇನ್ನೂ.
ರಾವ್ನಾ ಗೋರಾ ದಾಟಿ ಬೆಟ್ಟ ಶುರುವಾದದ್ದೇ ತಡ
ಯಾರೋ ಹಿಂದಿನಿಂದ ಬಂಪರು ಹಿಡಿದು ಜಗ್ಗಿದ ಹಾಗೆ.
ಕಾಲು ಪೂರ್ತಿ ಒತ್ತಿದರೂ ಮೂವತ್ತು,
ಎರಡನೇ ಗೇರು, ಬೆನ್ನಿಗೆ ಮರದ ಲಾರಿ, ಅದರ ಹಾರನ್ನು.
ಹಟ್ಟಿಯ ಕಡಿದಾದ ಮಣ್ಣುದಾರಿಗೆ ಅಷ್ಟೂ ಇಲ್ಲ.
ಮೇಲೆ ಒಂದು ಹಸು,
ಕರುವಿನ ಒಂದೇ ಕಾಲು ಹೊರಗೆ.
ಗಾಡಿ ಬಿಟ್ಟು ಎರಡು ಕಿಲೋಮೀಟರು ನಡೆದೆ, ಅಂದಳು.
ಕರು? ಎಂದು ನಾನು ಕೇಳಲಿಲ್ಲ.
ಬಾನೆಟ್ಟು ಎತ್ತಿದೆ.

ಹೋದ ವಾರ ರಿಯೆಕಾದ ದೊಡ್ಡ ಗ್ಯಾರೇಜಿನವರು ಕೊಟ್ಟ ಚೀಟಿ:
ಟರ್ಬೊ ಹೋಗಿದೆ, ಹೊಸತು ಹಾಕಬೇಕು, ಸಾವಿರದ ಇನ್ನೂರು ಯೂರೊ.
ನನ್ನ ತಮ್ಮನ ಮಗ ಟಿನ್, ಹತ್ತೊಂಬತ್ತು,
ಗಡ್ಡ ಇನ್ನೂ ಬರಲೋ ಬೇಡವೋ ಅನ್ನುತ್ತಿದೆ,
ಲ್ಯಾಪ್‌ಟಾಪಿನ ವೈರು ಚುಚ್ಚಿ ಓದಿದ:
ಪಿ ಸೊನ್ನೆ ಎರಡು ಒಂಬತ್ತು ಒಂಬತ್ತು. ಗಾಳಿಯ ಒತ್ತಡ ಸಾಲದು.
ಅತ್ತೆ, ಅವರು ಹೇಳಿದ್ದೇ ಸರಿ.

ಸಾಲದು ಅಂದಿತು. ಯಾಕೆ ಸಾಲದು ಅಂದಿತೇ?
ಮಗು ಅಳುತ್ತಿದೆ ಅಂತ ಪಕ್ಕದ ಮನೆಯವಳೂ ಹೇಳಬಲ್ಲಳು.

ಡೀಸೆಲ್ ಫಿಲ್ಟರು ಬಿಚ್ಚಿ ಗಾಜಿನ ಲೋಟಕ್ಕೆ ಸುರಿದೆವು.
ನೀರಿಲ್ಲ, ಕಸವಿಲ್ಲ, ಜೇನಿನಷ್ಟು ತಿಳಿ.
ಏರ್ ಫಿಲ್ಟರಿನಲ್ಲಿ ಬೀಚ್ ಮರದ ಮೂರು ಎಲೆ, ಒಂದು ಸತ್ತ ಕಣಜ.
ಅಷ್ಟಕ್ಕೆಲ್ಲ ಉಸಿರು ಕಟ್ಟುವ ಗಾಡಿಯಲ್ಲ ಇದು,
ನಾಲ್ಕು ಲಕ್ಷ ಕಿಲೋಮೀಟರು ಓಡಿದ ಹಳೇ ಸ್ಕೋಡಾ.
ದೊಡ್ಡ ರಬ್ಬರು ಪೈಪಿಗೆ ಗಾಳಿ ತುಂಬಿ
ಸೋಪಿನ ನೀರು ಚಿಮುಕಿಸಿದೆ. ಗುಳ್ಳೆ ಏಳಲಿಲ್ಲ.

ಟರ್ಬೊ ಬದುಕಿದ್ದರೆ ಸಣ್ಣಗೆ ಶಿಳ್ಳೆ ಹೊಡೆಯುತ್ತದೆ,
ಪಾತ್ರೆ ತೊಳೆಯುತ್ತ ನಮ್ಮಮ್ಮ ಹೊಡೆಯುತ್ತಿದ್ದಂತೆ,
ಹೊಡೆಯುತ್ತಿದ್ದೇನೆಂದು ತನಗೇ ಗೊತ್ತಿಲ್ಲದೆ.
ಇದು ಸುಮ್ಮನಿತ್ತು.

ಟಿನ್, ಕೀಲಿ ತಿರುಗಿಸು. ನಾನು ಸರಳು ನೋಡುತ್ತೇನೆ.
ಟರ್ಬೊ ಪಕ್ಕ ಕಿರುಬೆರಳುದ್ದದ ಒಂದು ಸರಳು;
ಎಂಜಿನ್ನು ಎದ್ದ ಕೂಡಲೆ ಅದು ಒಳಕ್ಕೆ ಸರಿಯಬೇಕು,
ಯಾರೋ ದಮ್ಮು ಎಳೆದುಕೊಂಡಂತೆ.
ಎದ್ದಿತು ಎಂಜಿನ್ನು. ಸರಳು ಕದಲಲಿಲ್ಲ.
ನಿಲ್ಲಿಸಿ, ಬೆರಳಲ್ಲಿ ನೂಕಿದೆ:
ಬೆಣ್ಣೆಯೊಳಗಿನ ಕೂದಲಿನಂತೆ ಸಲೀಸು.
ಹಾಗಾದರೆ ಕೈ ಕೆಟ್ಟಿಲ್ಲ.
ಕೈಯನ್ನು ಎಳೆಯುವವರಿಲ್ಲ.

ಅದಕ್ಕೆ ಬರುವ ಸಣ್ಣ ಕೊಳವೆ ಕಳಚಿ, ಮತ್ತೆ ಚಾಲೂ ಮಾಡಿಸಿ,
ತುದಿಗೆ ನಾಲಗೆ ಇಟ್ಟೆ;
ಅಪ್ಪ ಕಲಿಸಿದ್ದು, ಅಮ್ಮ ಬೈದದ್ದು.
ಎಳೆಯಲಿಲ್ಲ. ಧೂಳಿನ ರುಚಿ ಅಷ್ಟೇ.
ಕೊಳವೆ ಹಿಡಿದು ಹಿಂದೆ ಹಿಂದೆ ಹೋದೆ,
ಬ್ಯಾಟರಿಯ ಕೆಳಗೆ, ಮೂಲೆಗೆ, ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು.
ಅಲ್ಲಿ
ಎರಡು ತೂತು, ಅಕ್ಕಪಕ್ಕ, ಸೂಜಿ ಚುಚ್ಚಿದಷ್ಟೇ.
ಕ್ಲಿಪ್ಪಿಗೆ ಸಿಕ್ಕ ನಾಲ್ಕು ಕಂದು ಕೂದಲು,
ಶಾಖ ತಡೆಯುವ ಹೊದಿಕೆಯ ಮೇಲೆ ಮೊಟ್ಟೆಯ ಚಿಪ್ಪು,
ಅರ್ಧ ತಿಂದ ಪ್ಲಮ್ಮು.

ಲ್ಯೇರ್ಕಾ ಕೂದಲನ್ನು ಬೆಳಕಿಗೆ ಹಿಡಿದಳು. ಕುನಾ, ಅಂದಳು.
ಉದ್ದ ಮೈ, ಪೊದೆ ಬಾಲ, ಕತ್ತಿನಲ್ಲಿ ಬಿಳಿ ಪಟ್ಟಿ.
ರಾತ್ರಿ ಬೆಚ್ಚನೆ ಎಂಜಿನ್ನಿನ ಮೇಲೆ ಮಲಗಿ,
ಏಳುವಾಗ ಹಲ್ಲು ಮಸೆದುಕೊಂಡು ಹೋಗುತ್ತದೆ.
ನಮ್ಮ ಹಳೇ ದುಡ್ಡಿಗೂ ಅದೇ ಹೆಸರು.
ಯೂರೊ ಬಂದ ಮೇಲೆ ಅಂಗಡಿಯಲ್ಲಿ ನಡೆಯದ ಆ ಬಿಲ್ಲೆಗಳು
ಒಂದು ಡಬ್ಬಿ ತುಂಬ ನನ್ನಲ್ಲಿವೆ;
ತೂತು ಕೊರೆದು ವಾಷರು ಮಾಡಿಕೊಳ್ಳುತ್ತೇನೆ.

ಮುಕ್ಕಾಲು ಮೀಟರು ಕೊಳವೆ, ಆರು ಯೂರೊ.
ರಾತ್ರಿ ಗಾಡಿಯ ಕೆಳಗೆ ಹಾಸಲು ಒಂದು ತುಂಡು ಕೋಳಿಬಲೆ, ಅದು ಪುಕ್ಕಟೆ;
ಅದರ ಮೇಲೆ ಕಾಲಿಡಲು ಅದಕ್ಕೆ ಅಸಹ್ಯವಂತೆ.

ಜೋಡಿಸುವ ಮೊದಲು ಬೆರಳಿಟ್ಟು ನೋಡು, ಅಂದೆ ಟಿನ್‌ಗೆ.
ಇಟ್ಟ. ಕೊಳವೆ ಬೆರಳು ಹಿಡಿದುಕೊಂಡಿತು,
ಬಿಡಲೊಲ್ಲದು. ಅವನು ನಕ್ಕ.
ಲ್ಯೇರ್ಕಾ ನಗಲಿಲ್ಲ, ಅವನ ಬೆರಳನ್ನೇ ನೋಡುತ್ತಿದ್ದಳು.
ಒಳಗೆ ಕೈ ಹಾಕಿದಾಗ, ಅಂದಳು,
ಹೀಗೇ ಚೀಪಿತು ನನ್ನ ಬೆರಳು.
ಎರಡು ತಾಸು ತಡವಾಗಿತ್ತು.
ಆದರೂ ಚೀಪಿತು.