ಒಂಬತ್ತನೇ ನಂಬರಿನ ಅಂಗಿ

ಎರ್ರಿಸ್ವಾಮಿಯ ಕೊರಳೆಲುಬು ಮುರಿದದ್ದು
ಮೂರನೇ ಮ್ಯಾಚಿನಲ್ಲಿ, ಗುಂತಕಲ್ಲಿನವರ ಮೇಲೆ.
ಗೆರೆಯಾಚೆ ಕೂತಿದ್ದ ನನಗೂ ಕೇಳಿಸಿತು ಸದ್ದು:
ಜೀನ್ಸ್ ಬಟ್ಟೆಯ ನಾಲ್ಕು ಮಡಿಕೆ ಕೂಡುವಲ್ಲಿ
ಸೂಜಿ ಮುರಿಯುತ್ತದಲ್ಲ, ಹಾಗೆ.
ಅಷ್ಟೇ ಸಣ್ಣದು.

ಪೆನ್ನಯ್ಯ ಮಾಸ್ತರು ಮಾರ್ಕಿಂಗ್ ಹಾಳೆಯ ಹಿಂದೆ
ಹನ್ನೊಂದು ಹೆಸರು ಬರೆಯಲು ಕೂತು
ಹತ್ತಕ್ಕೆ ನಿಲ್ಲಿಸಿ ನನ್ನತ್ತ ನೋಡಿದರು,
ಕರೆಂಟು ಹೋದಾಗ ಗೋಡೆ ಗಡಿಯಾರ ನೋಡುವ ಹಾಗೆ.
'ನಿನ್ನ ಹತ್ರ ಬೂಟು ಅದಾವೇನಲೇ, ವನ್ನೂರಾ?'

ನಾನು ಜಿಪ್ಪಿನವನು.
ರಾಯದುರ್ಗದ ಎರಡನೇ ಬೀದಿಯ ಶೆಡ್ಡಿನಲ್ಲಿ
ದಿನಕ್ಕೆ ಇನ್ನೂರು ಪ್ಯಾಂಟಿಗೆ ಬಾಯಿ ಕೂರಿಸುವವನು.
ಆರು ವರ್ಷ ತಂಡದ ನೀರಿನ ಕ್ಯಾನು ಹೊತ್ತಿದ್ದೇನೆ.
ಬೂಟು ಇದ್ದವು.

ಅಂಗಿ ಮಾತ್ರ ಒಂದೇ ಸೆಟ್ಟು, ಹಸಿರು.
ಎರ್ರಿಸ್ವಾಮಿಯ ಎದೆ ನಲವತ್ತೆರಡು,
ನನ್ನದು ಮೂವತ್ನಾಲ್ಕು.
ಎರಡೂ ಪಕ್ಕೆಗೆ ಒಳಮಡಿಕೆ ಹಾಕಿ ಹೊಲಿದೆ,
ಕತ್ತರಿ ಮುಟ್ಟಲಿಲ್ಲ.
ಕತ್ತರಿಸಿದ್ದರೆ ಅದು ನನ್ನದಾಗಿಬಿಡುತ್ತಿತ್ತು.

ನಾಲ್ಕನೇ ಮ್ಯಾಚು: ಸೊನ್ನೆ, ನಾಲ್ಕು.
ಅದರ ಬಗ್ಗೆ ಬೇಡ.

ಐದರಲ್ಲಿ ಜಿಲಾನಿಯ ಮೊಣಕಾಲು ಹೋಯಿತು.
ಏಳು ಮುಗಿದ ಮಾರನೆ ದಿನ ಗೋಲಿನ ಓಬಳೇಶನ ಹೆಬ್ಬೆರಳು,
ಅದು ಮೈದಾನದಲ್ಲೂ ಅಲ್ಲ, ಕಟಿಂಗ್ ಟೇಬಲ್ಲಿನ ಮೇಲೆ.
ಆಮೇಲೆ ಗೋಲಿಗೆ ನಿಂತವನು ಚಹದಂಗಡಿಯ ದಾದಾಪೀರ್,
ವಯಸ್ಸು ನಲವತ್ತಾರು,
ಕಾಲಿಗೆ ಜೀನ್ಸ್ ಚೂರು ತುರುಕಿ ನಾವೇ ಹೊಲಿದ ಪ್ಯಾಡು.
ಕಲ್ಯಾಣದುರ್ಗದವರ ಮೂರು ಪೆನಾಲ್ಟಿ ಕಾರ್ನರ್ ತಡೆದ.
ನಾಲ್ಕನೆಯದಕ್ಕೆ 'ಬಸ್ ರೇ ಬಾಬಾ' ಅಂತ ಕೂತೇಬಿಟ್ಟ,
ಚೆಂಡು ಬಂದು ಕೂತವನ ಎದೆಗೇ ಬಡಿಯಿತು.
ಗೆದ್ದೆವು.

ನಮ್ಮ ಮೈದಾನ ಕೋಟೆ ಬೆಟ್ಟದ ಬುಡದ್ದು,
ಹುಲ್ಲಿಗಿಂತ ಹರಳು ಹೆಚ್ಚು.
ಪಕ್ಕದಲ್ಲೇ ಜೀನ್ಸ್ ತೊಳೆದ ನೀರಿನ ಮೋರಿ,
ಎರಡು ಸಲ ಬಿದ್ದರೆ ಚೆಂಡು ನೀಲಿ.
ಧರ್ಮವರಂನವರು ಬಿಳಿ ಚೆಂಡೇ ಬೇಕೆಂದು ಹಟ ಹಿಡಿದರು,
ಕೊಟ್ಟೆವು, ಹೊಸದು.
ಅದನ್ನೇ ನಾನು ಹೊಡೆದದ್ದು, ಒಂಬತ್ತನೇ ಮ್ಯಾಚಿನಲ್ಲಿ,
ಮೆಲ್ಲಗೆ, ನಾಚಿಕೆಯಾಗುವಷ್ಟು ಮೆಲ್ಲಗೆ.
ಹರಳಿಗೆ ತಾಕಿ ಚಂಗನೆ ನೆಗೆದು
ಕೀಪರಿನ ಸ್ಟಿಕ್ಕು ದಾಟಿತು.
ಇಡೀ ಸೀಸನ್ನಿಗೆ ನನ್ನದು ಆ ಒಂದೇ ಗೋಲು,
ಅರ್ಧ ಅದೂ ಕಲ್ಲಿನದು.

ಸ್ಕೋರಿನ ಹಾಳೆಯಲ್ಲಿ ಒಂಬತ್ತರ ಮುಂದೆ
ತೆಲುಗಿನಲ್ಲಿ ಬರೆದಿದ್ದ ಹೆಸರು ಎರ್ರಿಸ್ವಾಮಿ.
ಯಾರೂ ತಿದ್ದಲಿಲ್ಲ.
ಓದಲು ಬರುತ್ತದೆ ನನಗೆ, ನಾನೂ ತಿದ್ದಲಿಲ್ಲ.

ಹೀಗೆ ಹದಿನಾಲ್ಕು ಮ್ಯಾಚು.
ಆರು ಗೆಲುವು, ಐದು ಸಮ, ಮೂರು ಸೋಲು.
ಕೊನೆಗೆ ಹಿಂದೂಪುರದವರ ಜೊತೆ ಎಪ್ಪತ್ತು ನಿಮಿಷ
ಗೋಲಿಲ್ಲದೆ, ಉಸಿರಿಲ್ಲದೆ, ಒಬ್ಬರ ಕಾಲಿಗೊಬ್ಬರು ಎಡವುತ್ತ.
ಎಂಟರಲ್ಲಿ ನಾಲ್ಕನೆಯವರು.
ನಾಲ್ವರಿಗೆ ಮುಂದಿನ ಸುತ್ತು.
ಪೆನ್ನಯ್ಯ ಮಾಸ್ತರು ಏನೂ ಹೇಳಲಿಲ್ಲ,
ಎಲ್ಲರಿಗೂ ಉಗ್ಗಾಣಿ ಮಿರ್ಚಿ ಕೊಡಿಸಿದರು,
ತಾವು ತಿನ್ನಲಿಲ್ಲ.

ಆ ಗುರುವಾರ ಎರ್ರಿಸ್ವಾಮಿ ಶೆಡ್ಡಿಗೆ ಬಂದ.
ಕೊರಳ ಜೋಳಿಗೆ ಬಿಚ್ಚಿತ್ತು.
ತೋಳು ಮೇಲೆತ್ತಿ ತೋರಿಸಿದ, ಫ್ಯಾನಿನವರೆಗೆ.
ಅಂಗಿ ಕೇಳಲಿಲ್ಲ.
ನನ್ನ ಮಷೀನಿನ ಗಾಲಿ ಸುಮ್ಮನೆ ಒಂದು ಸುತ್ತು ತಿರುಗಿಸಿ
ಚಹ ಕುಡಿದು ಹೋದ.

ರಾತ್ರಿ ಬ್ಲೇಡು ಹಿಡಿದು ಹೊಲಿಗೆ ಬಿಚ್ಚಿದೆ,
ಒಂದೊಂದೇ ನೂಲು, ಹಲ್ಲಿನಿಂದ ಎಳೆದು.
ಮಡಿಕೆಯೊಳಗಿನ ಬಟ್ಟೆ
ಹನ್ನೊಂದು ಮ್ಯಾಚಿನ ಬಿಸಿಲು ಕಂಡಿರಲಿಲ್ಲ.
ಉಳಿದದ್ದೆಲ್ಲ ಬಿಳಿಚಿ,
ಅಲ್ಲಿ ಮಾತ್ರ ಹಸಿರು, ಅಂಗಡಿಯಿಂದ ಆಗಷ್ಟೇ ತಂದಂತೆ.

ಈಗ ಗೆರೆಯಾಚೆ ನಾನು, ಕ್ಯಾನಿನ ಪಕ್ಕ.
ಎರ್ರಿಸ್ವಾಮಿ ಓಡುತ್ತಾನೆ, ತಿರುಗುತ್ತಾನೆ,
ತೋಳೆತ್ತಿ ಚೆಂಡು ಕೇಳುತ್ತಾನೆ.
ಎತ್ತಿದಾಗಲೆಲ್ಲ ಪಕ್ಕೆಗಳಲ್ಲಿ ಎರಡು ಗಾಢ ಪಟ್ಟಿ.
ಅವೆರಡರ ನಡುವೆ, ಸುತ್ತಳತೆ
ಮೂವತ್ನಾಲ್ಕು.